ಮಲಂಗಸಾಬ ಅರಗು ಹಚ್ಚಿದ ಬೆಂಡು

ಮಲಂಗಸಾಬ ಮೋಟಾರಿನ ರೋಗವನ್ನು ಮೂಗಿನಿಂದ ಹಿಡಿಯುತ್ತಿದ್ದ. ಬಾನೆಟ್ಟು ತೆರೆದು, ಮುಖ ಒಳಗಿಟ್ಟು ಎರಡು ಸಲ ಉಸಿರೆಳೆದರೆ ಸಾಕು, ಪ್ಲಗ್ಗು ಒದ್ದೆಯಾಗಿದೆಯೋ, ತಂತಿ ಸುಟ್ಟಿದೆಯೋ, ಎಣ್ಣೆ ಎಲ್ಲಿಂದಾದರೂ ಸೋರುತ್ತಿದೆಯೋ ಹೇಳಿಬಿಡುತ್ತಿದ್ದ. ಅವನ ಅಪ್ಪ ಟಾಂಗಾ ಹೊಡೆಯುತ್ತಿದ್ದವನು. ಕುದುರೆಯ ಬಾಯಿ ಮೂಸಿ ಅದರ ಹೊಟ್ಟೆಯ ಸುದ್ದಿ ಹೇಳುತ್ತಿದ್ದನಂತೆ. ಮಗ ಕುದುರೆ ಬಿಟ್ಟು ಮೋಟಾರು ಹಿಡಿದ, ಮೂಗನ್ನು ಮಾತ್ರ ಬಿಡಲಿಲ್ಲ. ಜಾಗೀರದಾರರೊಬ್ಬರ ಗಾಡಿಗಳ ಹಿಂದೆ ಹತ್ತು ವರ್ಷ ಬೈಗುಳ ತಿಂದು ಕೆಲಸ ಕಲಿತು, ಕಲಬುರಗಿಯ ರೋಜಾ ಓಣಿಯಲ್ಲಿ, ದರ್ಗಾಕ್ಕೆ ಹೋಗುವ ದಾರಿಯ ಮೇಲೆ, ತಗಡಿನ ಚಪ್ಪರದ ಕೆಳಗೆ ತನ್ನದೇ ಕಾರಖಾನೆ ಇಟ್ಟ. ಕಾರಖಾನೆ ಎಂದರೆ ಗಾಡಿ ನಿಲ್ಲಿಸಲು ಒಂದು ಗುಂಡಿ, ಒಂದು ಪೆಟ್ಟಿಗೆ ತುಂಬ ಪಾನಾ, ಇಕ್ಕಳ, ಹರಕು ಬಟ್ಟೆ, ಅಷ್ಟೆ.

ಅವನ ಗಿರಾಕಿಗಳಲ್ಲಿ ಹಣಮಂತರಾಯ ವಕೀಲರು ಬಹಳ ಹಳಬರು. ಅವರ ಮೋಟಾರು ಇನ್ನೂ ಹಳೆಯದು. ಆ ವಿಲಾಯತಿ ಗಾಡಿಯಲ್ಲಿ ಪೆಟ್ರೋಲಿನ ಟಾಕಿ ಮುಂದುಗಡೆ ಎತ್ತರದಲ್ಲಿ ಕೂತಿತ್ತು. ಅಲ್ಲಿಂದ ಪೆಟ್ರೋಲು ತಾನಾಗಿಯೇ ಇಳಿದು ಕಾರ್ಬುರೇಟರಿನ ಬಟ್ಟಲಿಗೆ ಬೀಳುತ್ತಿತ್ತು. ಬಟ್ಟಲಿನಲ್ಲಿ ಒಂದು ಬೆಂಡು ತೇಲುತ್ತದೆ. ಬಟ್ಟಲು ತುಂಬಿದಂತೆ ಬೆಂಡು ಮೇಲೆದ್ದು, ಒಂದು ಸೂಜಿಯನ್ನು ಒತ್ತಿ, ಪೆಟ್ರೋಲು ಬರುವ ಬಾಯಿಯನ್ನು ಮುಚ್ಚುತ್ತದೆ. ಬೆಂಡು ಮುಳುಗಿತೋ, ಮುಚ್ಚುವವರಿಲ್ಲ. ಪೆಟ್ರೋಲು ಬಟ್ಟಲಿನಿಂದ ಉಕ್ಕಿ ನೆಲಕ್ಕೆ ಹರಿಯುತ್ತದೆ, ಇಂಜಿನ್ನಿನ ಗಂಟಲಿಗೂ ತುಂಬುತ್ತದೆ. ಆಮೇಲೆ ಹ್ಯಾಂಡಲನ್ನು ರಟ್ಟೆ ಬೀಳುವಷ್ಟು ತಿರುಗಿಸಿದರೂ ಗಾಡಿ ಉಸಿರಾಡುವುದಿಲ್ಲ. ಮಲಂಗಸಾಬನ ಕೈಗೆ ಬರುತ್ತಿದ್ದ ಉಳಿದ ಗಾಡಿಗಳಲ್ಲೆಲ್ಲ ಈ ಬೆಂಡು ಹಿತ್ತಾಳೆಯ ಪೊಳ್ಳು ಡಬ್ಬಿ. ವಕೀಲರ ಗಾಡಿಯಲ್ಲಿ ಮಾತ್ರ ಬೂಚಿನದು, ಸೀಸೆಯ ಬಾಯಿಗೆ ಹಾಕುತ್ತಾರಲ್ಲ, ಅದೇ ಬೂಚು.

ನಲವತ್ತೆಂಟನೆಯ ಇಸವಿಯ ಬೇಸಿಗೆ ಮುಗಿಯುವ ಹೊತ್ತಿಗೆ ಹೈದರಾಬಾದ್ ಸಂಸ್ಥಾನದ ಸುತ್ತ ನಾಕಾಬಂದಿ ಬಿಗಿಯಾಗಿತ್ತು. ಹೊರಗಿನಿಂದ ಪೆಟ್ರೋಲಿಲ್ಲ, ಟೈರಿಲ್ಲ, ಒಂದು ಮೊಳೆ ಬೇಕೆಂದರೂ ಹತ್ತು ಜನರ ಗದ್ದ ಹಿಡಿಯಬೇಕು. ಅಂಥ ಹೊತ್ತಿನಲ್ಲೇ ವಕೀಲರ ಗಾಡಿಯ ಬೂಚು ಬಿರುಕು ಬಿಟ್ಟು ಪೆಟ್ರೋಲು ಹೀರತೊಡಗಿತು. ಮುಂಬಯಿಯಿಂದ ಹೊಸದು ತರಿಸುವ ಮಾತೇ ಇಲ್ಲ. ಮಲಂಗಸಾಬ ಒಂದಿಡೀ ದಿನ ಯೋಚಿಸಿದ. ಆಮೇಲೆ ಪಕ್ಕದ ಬಡಿಗನ ಹತ್ತಿರ ಹೋಗಿ, ಕುರ್ಚಿ ಮಂಚಗಳಿಗೆ ಹಚ್ಚುವ ಅರಗಿನ ಪಾಲಿಶು ಮಾಡಿಸಿಕೊಂಡು ಬಂದ. ಅರಗಿನ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಆ ಪಾಲಿಶು ಆಗುತ್ತದೆ. ಹಚ್ಚಿದ ಮೇಲೆ ಸ್ಪಿರಿಟ್ಟು ಹಾರಿಹೋಗಿ ಅರಗು ಮಾತ್ರ ಗಾಜಿನ ಹಾಗೆ ಗಟ್ಟಿಯಾಗಿ ಕೂಡುತ್ತದೆ. ಬೂಚನ್ನು ಬಿಸಿಲಿಗೆ ಒಣಗಿಸಿ ಐದು ಕೈ ಹಚ್ಚಿದ. ಪೆಟ್ರೋಲು ಅರಗನ್ನು ಏನೂ ಮಾಡುವುದಿಲ್ಲ. ಬೆಂಡು ತೇಲಿತು, ಗಾಡಿ ಓಡಿತು. “ಮಿಸ್ತ್ರಿ, ವಿಲಾಯತಿಯವ್ರು ನಿಮ್ಮ ಹಂತ್ಯಾಕ ಬಂದು ಕಲೀಬೇಕು,” ಎಂದರು ವಕೀಲರು. ಮಲಂಗಸಾಬ ಉಬ್ಬಿಹೋದ. ನಾಲ್ಕು ದಿನ ಚಹಾದ ಹೋಟೆಲಿನಲ್ಲಿ ಕಂಡಕಂಡವರಿಗೆಲ್ಲ ಅದನ್ನೇ ಹೇಳಿದ.

ಆಷಾಢದಲ್ಲಿ ವಕೀಲರು ಕೂಡಿಟ್ಟುಕೊಂಡಿದ್ದ ಪೆಟ್ರೋಲೂ ತೀರಿತು. ಆಗ ಗಾಡಿ ಇದ್ದವರು ಮಾಡುತ್ತಿದ್ದುದನ್ನೇ ಅವರೂ ಮಾಡಿದರು. ಇಪ್ಪೆಹೂವಿನಿಂದ ತೆಗೆದ ಸ್ಪಿರಿಟ್ಟು ಹಾಕಿ ಓಡಿಸುವುದು. ಆ ವರ್ಷ ಬೀದಿಯಲ್ಲಿ ಮೋಟಾರು ಹಾದುಹೋದರೆ ಸೆರೆಯಂಗಡಿಯ ಬಾಗಿಲು ತೆರೆದ ಹಾಗೆ ವಾಸನೆ ಬರುತ್ತಿತ್ತು. ಮಲಂಗಸಾಬನೇ ಅಲ್ಲಿ ಇಲ್ಲಿ ಓಡಾಡಿ ಎರಡು ಡಬ್ಬಿ ಸ್ಪಿರಿಟ್ಟು ತಂದುಕೊಟ್ಟ, ಅದು ಸಾಲುವಷ್ಟು ಹರಿಯಲೆಂದು ಕಾರ್ಬುರೇಟರಿನ ತೂತನ್ನು ಸ್ವಲ್ಪ ದೊಡ್ಡದು ಮಾಡಿಕೊಟ್ಟ. ಅಂಥ ಕೆಲಸ ಅವನು ಹತ್ತೆಂಟು ಗಾಡಿಗಳಿಗೆ ಮಾಡಿ ಕೈ ಪಳಗಿಸಿಕೊಂಡಿದ್ದ.

ಶ್ರಾವಣದ ಎರಡನೆಯ ಸೋಮವಾರ ವಕೀಲರು ಆ ಸ್ಪಿರಿಟ್ಟಿನ ಮೇಲೆ ಮೊದಲ ಸಲ, ಒಬ್ಬರೇ, ಗಾಡಿ ತೆಗೆದುಕೊಂಡು ಕಮಲಾಪುರಕ್ಕೆ ಹೋದರು. ಅಲ್ಲಿನ ವಾಡೆಯಲ್ಲಿ ಅವರ ಮುದಿ ತಾಯಿ ಇದ್ದಳು, ಹೆಂಡತಿ ಜಯದೇವಿಯೂ ಆ ತಿಂಗಳು ಅಲ್ಲಿಯೇ ಇದ್ದಳು. ಬಂದೂಕು ಹಿಡಿದ ರಜಾಕಾರರ ಲಾರಿ ಆ ಕಡೆಯ ಹಳ್ಳಿಗಳಿಗೆ ನುಗ್ಗುತ್ತಿದೆ ಎಂಬ ಸುದ್ದಿ ಬಂದಿತ್ತು; ಇಬ್ಬರನ್ನೂ ಕಲಬುರಗಿಗೆ ಕರೆತರಬೇಕೆಂದು ಅವಸರದಿಂದ ಹೊರಟಿದ್ದರು. ಹೋಗುವಾಗ ಗಾಡಿ ಚೆನ್ನಾಗಿಯೇ ಹೋಯಿತು. ತಿರುಗಿ ಹೊರಡಬೇಕು ಎನ್ನುವಾಗ ಇಂಜಿನ್ನು ಹತ್ತಲಿಲ್ಲ. ಕಾರ್ಬುರೇಟರಿನಿಂದ ಸ್ಪಿರಿಟ್ಟು ಧಾರೆಯಾಗಿ ಸುರಿಯುತ್ತಿತ್ತು. ಅರ್ಧ ತಾಸು ಒದ್ದಾಡಿ, ಹೆಂಗಸರನ್ನು ಎತ್ತಿನ ಬಂಡಿಯಲ್ಲಿ ಕೂಡಿಸಿ ಬಾಳೆಯ ತೋಟಗಳ ನಡುವಿನ ದಾರಿಯಿಂದ ಕಳಿಸಿದರು. ಗಾಡಿ ಹತ್ತಿದ ಕೂಡಲೇ ಹಿಂದೆಯೇ ಬಂದೆ ಎಂದರು. ಬರಲಿಲ್ಲ. ಲಾರಿ ಬಂತು. ಹ್ಯಾಂಡಲು ಕೈಯಲ್ಲಿರುವಂತೆಯೇ ಅವರನ್ನು ಗಾಡಿಯ ಮುಂದೆಯೇ ಹೊಡೆದುಹಾಕಿದರು.

ಭಾದ್ರಪದದಲ್ಲಿ ಹಿಂದುಸ್ಥಾನದ ಫೌಜು ಬಂತು. ಐದೇ ದಿನದಲ್ಲಿ ಸಂಸ್ಥಾನ ಬಿತ್ತು, ಊರು ತಿರುವುಮುರುವಾಯಿತು. ನಿನ್ನೆಯವರೆಗೆ ಮೀಸೆ ತಿರುವುತ್ತಿದ್ದವರು ಮಾಯವಾದರು. ಅವರು ಮಾಡಿದ್ದರ ಸುಂಕವನ್ನು ಯಾರು ಯಾರೋ ಕಟ್ಟಬೇಕಾಯಿತು. ರೋಜಾದಲ್ಲಿ ಬಾಗಿಲು ಬಡಿದರೆ ಮೊದಲು ಕಿಂಡಿಯಿಂದ ನೋಡಿ ಆಮೇಲೆ ತೆರೆಯುವುದು ರೂಢಿಯಾಯಿತು. ಮಲಂಗಸಾಬನ ಚಪ್ಪರಕ್ಕೆ ಗಾಡಿ ಬರುವುದು ನಿಂತಿತು. ರಜಾಕಾರರ ಲಾರಿಗಳನ್ನೂ ಅವನು ರಿಪೇರಿ ಮಾಡಿದ್ದ, ಅದು ಸುಳ್ಳಲ್ಲ. ಬಂದೂಕು ಹಿಡಿದವನು ಬಂದು ಲಾರಿ ನಿಲ್ಲಿಸಿದರೆ ಒಲ್ಲೆ ಎನ್ನುವ ಮಿಸ್ತ್ರಿ ಆ ದಿನ ಕಲಬುರಗಿಯಲ್ಲಿ ಇದ್ದನಾದರೆ, ಇಂದು ದೊಡ್ಡ ಬಾಯಿ ಮಾಡುವವರು ಅವನ ಹೆಸರು ಹೇಳಲಿ. ಆದರೆ ಊರಿಗೆ ಲೆಕ್ಕ ಸರಿಹೊಂದಿತು. ಅವರ ಲಾರಿ ಓಡಿತು, ವಕೀಲರ ಗಾಡಿ ನಿಂತಿತು, ಎರಡಕ್ಕೂ ಕೈ ಹಾಕಿದವನು ಒಬ್ಬನೇ. ವಕೀಲರ ತಮ್ಮ ಗುಂಡಣ್ಣ ಠಾಣೆಗೆ ಹೋಗಿ ಹಾಗೆಯೇ ಬರೆದುಕೊಟ್ಟ. ಮಲಂಗಸಾಬ ಬೇಕೆಂದೇ ಗಾಡಿ ಕೆಡಿಸಿ ತನ್ನ ಅಣ್ಣನನ್ನು ಕೊಲ್ಲಿಸಿದ ಎಂದು.

ಠಾಣೆಯ ಹೊಸ ಫೌಜದಾರ ಸೊಲ್ಲಾಪುರದ ಕಡೆಯವನು. ಅವನ ಮೇಜಿನ ಮೇಲೆ ಇಂಥ ಕಾಗದಗಳು ಮೊಣಕೈ ಊರಲು ಜಾಗವಿಲ್ಲದಷ್ಟು ಬಿದ್ದಿದ್ದವು. ಆದರೂ ಅವನು ನ್ಯಾಯವಾಗಿಯೇ ನಡೆದುಕೊಂಡ. ಗಾಡಿ ಆ ದಿನದಿಂದ ಕಮಲಾಪುರದ ವಾಡೆಯಲ್ಲೇ ನಿಂತಿದೆ, ಯಾರೂ ಮುಟ್ಟಿಲ್ಲ ಎಂದು ತಿಳಿದು, ಪಂಚರ ಮುಂದೆ ಅದನ್ನು ಬಿಚ್ಚಿಸಿ ನೋಡೋಣ ಎಂದ. ಬಿಚ್ಚುವವನು ಮಲಂಗಸಾಬ, ಸರಕಾರಿ ಲಾರಿಯ ಡ್ರೈವರು ಪಕ್ಕದಲ್ಲಿ ನಿಂತು ಅವನ ಕೈ ನೋಡಬೇಕು. ಕೆಡಿಸಿದ್ದು ಕಂಡರೆ ಖೂನಿಯ ಖಟ್ಲೆ, ಕಾಣದಿದ್ದರೆ ಅಲ್ಲಿಂದಲೇ ಬಿಡುಗಡೆ.

ಮಲಂಗಸಾಬ ಹೆದರಿದ್ದ, ಆದರೆ ತನ್ನ ಕೆಲಸದ ಬಗ್ಗೆ ಹೆದರಿರಲಿಲ್ಲ. ವಕೀಲರ ಸುದ್ದಿ ಬಂದ ದಿನ ಅವನು ಕಾರಖಾನೆಯ ಗುಂಡಿಯಲ್ಲಿ ಇಳಿದು ಕೂತು ಅತ್ತಿದ್ದ. ಸೂಜಿಯಲ್ಲಿ ಕಸ ಸಿಕ್ಕಿರಬೇಕು, ಆ ಇಪ್ಪೆಯ ಸ್ಪಿರಿಟ್ಟು ಎಂಥ ಹೊಲಸೋ ಏನೋ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೊರಡುವ ಬೆಳಿಗ್ಗೆ ಹೆಂಡತಿ ಜೈನಾಬಿ ಅವನ ಅಂಗಿಯ ಗುಂಡಿ ಹಾಕುತ್ತ, “ಪೂಛೇ ತೋ ಬೋಲೋ, ನೈ ತೋ ಚುಪ್ ರಹೋ ಜೀ,” ಎಂದಳು. ಕೇಳಿದರೆ ಹೇಳಿ, ಕೇಳದಿದ್ದರೆ ಸುಮ್ಮನಿರಿ. ನಿಮ್ಮ ಬಾಯಿ ಸುಮ್ಮನಿರುವುದಿಲ್ಲ, ಅದೇ ನನಗೆ ಹೆದರಿಕೆ ಎಂದೂ ಸೇರಿಸಿದಳು. ಅವನು ಆಣೆ ಮಾಡಿ ಹೊರಟ.

ಲಾರಿಯ ಹಿಂಭಾಗದಲ್ಲಿ ಇಬ್ಬರು ಪೊಲೀಸರ ನಡುವೆ ಪಾನಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮುಂದೆ ಫೌಜದಾರನ ಪಕ್ಕದಲ್ಲಿ ಗುಂಡಣ್ಣ. ಮೊದಲೆಲ್ಲ ಚಪ್ಪರಕ್ಕೆ ಬಂದರೆ “ಮಿಸ್ತ್ರಿ, ಚಹಾ ತರಸ್ರಿ” ಎನ್ನುತ್ತಿದ್ದ ಗುಂಡಣ್ಣ ಈಗ ಲಾರಿ ಇಳಿಯುತ್ತಲೇ, “ಏ ಮಲಂಗ್ಯಾ, ಇಳಿ,” ಎಂದ. ಮಲಂಗಸಾಬ ಇಳಿದ.

ವಾಡೆಯ ಅಂಗಳದಲ್ಲಿ, ದನದ ಕೊಟ್ಟಿಗೆಯ ಪಕ್ಕ, ಮೋಟಾರು ನಿಂತಿತ್ತು. ಮೂರು ತಿಂಗಳ ಧೂಳು. ಸೀಟಿನ ಮೇಲೆ ಕೋಳಿಗಳು ಸಂಸಾರ ಹೂಡಿದ್ದವು. ಊರಿನ ಇಬ್ಬರು ಹಿರಿಯರು ಪಂಚರೆಂದು ಕಟ್ಟೆಯ ಮೇಲೆ ಕೂತರು. ಒಳಗಿನ ಬಾಗಿಲಲ್ಲಿ ಜಯದೇವಿ ನಿಂತಳು. ಬರಿಯ ಹಣೆ, ಬಿಳಿಯ ಸೀರೆ, ತಲೆಯ ಮೇಲೆ ಸೆರಗು. ಅವಳ ಬಲಗೈ ಸೆರಗಿನೊಳಗೆ ಇತ್ತು. ಮಲಂಗಸಾಬ ಎರಡೂ ಕೈಯೆತ್ತಿ ನಮಸ್ಕಾರ ಮಾಡಿದ. ಅವಳು ನೋಡಿ, ಕಣ್ಣನ್ನು ಮೋಟಾರಿನ ಕಡೆ ತಿರುಗಿಸಿದಳು.

ಬಾನೆಟ್ಟು ತೆರೆದ. ಕಾರ್ಬುರೇಟರಿನ ಮುಚ್ಚಳದ ಸ್ಕ್ರೂ ಬಿಚ್ಚಿದ. ಮುಚ್ಚಳ ಎತ್ತಿ, ರೂಢಿಯಂತೆ, ಮೊದಲು ಮೂಸಿದ.

ಅರಗಿನ ವಾಸನೆ ಬಂತು.

ಬಟ್ಟಲು ಒಣಗಿತ್ತು. ತಳದಲ್ಲಿ ಕೆಂಪಗೆ, ಬೆಲ್ಲದ ಪಾಕ ಒಣಗಿದ ಹಾಗೆ, ಒಂದು ಅಂಟು ಕೂತಿತ್ತು. ಬೆಂಡನ್ನು ಎತ್ತಿದ. ಐದು ಕೈ ಹಚ್ಚಿದ ಅರಗಿನಲ್ಲಿ ಒಂದು ಕೈಯಷ್ಟೂ ಉಳಿದಿರಲಿಲ್ಲ. ಬಿಳಿಚಿಕೊಂಡ ಬರಿಯ ಬೂಚು, ಉಗುರು ಒತ್ತಿದರೆ ಒಳಗೆ ಇಳಿಯಿತು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದವನು ತಾನು. ಆ ಅರಗಿನ ಮೇಲೆಯೇ ಎರಡು ಡಬ್ಬಿ ಸ್ಪಿರಿಟ್ಟು ಸುರಿದವನೂ ತಾನು. ಕರಗದೆ ಏನು ಮಾಡೀತು? ಬಡಿಗನ ಅಂಗಡಿ ಗುಡಿಸುವವಳಿಗೂ ಗೊತ್ತಿದ್ದ ಮಾತು ಕಲಬುರಗಿಯ ದೊಡ್ಡ ಮಿಸ್ತ್ರಿಗೆ ಹೊಳೆಯಲಿಲ್ಲ. ಉಳಿದ ಗಾಡಿಗಳದ್ದೆಲ್ಲ ಹಿತ್ತಾಳೆ. ಇದೊಂದೇ ಬೂಚಿನದು ಎಂಬುದು ಆ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಕಲಬುರಗಿಯಿಂದ ಕಮಲಾಪುರದವರೆಗೆ ಇಪ್ಪತ್ತಕ್ಕೂ ಹೆಚ್ಚು ಮೈಲಿ ಆ ಬೂಚು ಸ್ಪಿರಿಟ್ಟನ್ನು ಕುಡಿಯುತ್ತಲೇ ಬಂದಿರಬೇಕು. ಇಲ್ಲಿ ಬಂದು ನಿಂತ ಮೇಲೆ ಮುಳುಗಿರಬೇಕು.

ಅವನ ಕೈ ಹರಕು ಬಟ್ಟೆ ತೆಗೆದುಕೊಂಡು ಬಟ್ಟಲಿನ ತಳವನ್ನು ಒರೆಸಿತು. ಯಾರೂ ಹೇಳಿಕೊಡಲಿಲ್ಲ, ಕೈ ತಾನಾಗಿಯೇ ಒರೆಸಿತು. ಮಲಂಗಸಾಬನನ್ನು ಸಂತನನ್ನಾಗಿ ಮಾಡುವವರು ಬೇಕಾದರೆ ಈ ಮಾತನ್ನು ಬಿಟ್ಟು ಹೇಳಿಕೊಳ್ಳಲಿ. ಅವನು ಒರೆಸಿದ್ದು ನಿಜ.

“ಏನೈತಿ?” ಎಂದ ಫೌಜದಾರ.

“ಸೂಜಿ ಚೊಲೋ ಅದರೀ ಸಾಹೇಬ್ರೆ. ಕಸ ಇಲ್ಲ.” ಎರಡೂ ನಿಜವೇ. ಡ್ರೈವರು ಬಗ್ಗಿ ಸೂಜಿ ನೋಡಿದ, ಬೆಂಡನ್ನು ಬೆರಳಿನಿಂದ ಎತ್ತಿ ಇಳಿಸಿದ, ತಲೆಯಾಡಿಸಿದ. ಅವನು ಅದನ್ನು ಅರಗು ಹಚ್ಚುವ ಮೊದಲೂ ಕಂಡವನಲ್ಲ, ಆಮೇಲೂ ಕಂಡವನಲ್ಲ.

ಎಲ್ಲ ಕೂಡಿಸಿ, ಲಾರಿಯಿಂದ ಒಂದು ಡಬ್ಬಿ ಪೆಟ್ರೋಲು ತಂದು ಟಾಕಿಗೆ ಸುರಿದರು. ಮಲಂಗಸಾಬ ನಲ್ಲಿ ತೆರೆದ. ಎಲ್ಲರೂ ಕಾರ್ಬುರೇಟರಿನ ಕೆಳಗೆ ಕಣ್ಣು ನೆಟ್ಟರು. ಒಂದು ಹನಿಯೂ ಬೀಳಲಿಲ್ಲ. ಒಣಗಿದ ಬೂಚು ತೇಲಿತ್ತು. ಲಾರಿಯ ಬ್ಯಾಟರಿ ಬಿಚ್ಚಿ ತಂದು ಕೂಡಿಸಿದರು, ಪ್ಲಗ್ಗು ಉಜ್ಜಿದರು, ಡ್ರೈವರು ಹ್ಯಾಂಡಲು ಹಾಕಿದ. ಏಳನೆಯದೋ ಎಂಟನೆಯದೋ ಸುತ್ತಿಗೆ ಇಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಹತ್ತಿಕೊಂಡಿತು. ಕೋಳಿಗಳು ಕಿರುಚುತ್ತ ಗೋಡೆ ಹಾರಿದವು.

ಗುಂಡಣ್ಣನ ಮುಖ ಸಣ್ಣದಾಯಿತು. ಮಲಂಗಸಾಬ ಮಡ್‌ಗಾರ್ಡು ಹಿಡಿದು ನಿಂತ. ಬದುಕಿದೆ, ಎಂದುಕೊಂಡ. ಬೇರೇನೂ ಆ ಹೊತ್ತು ಅವನ ಮನಸ್ಸಿನಲ್ಲಿರಲಿಲ್ಲ.

“ಗಾಡ್ಯಾಗ ಏನೂ ದೋಷ ಇಲ್ಲ,” ಎಂದ ಫೌಜದಾರ, ಪಂಚರ ಕಡೆ ತಿರುಗಿ. “ಹಂಗಾದ್ರ ಆ ದಿನ ಯಾಕ ಹತ್ತಲಿಲ್ಲ?”

ಡ್ರೈವರು ತನಗೆ ತಿಳಿದದ್ದನ್ನು ಹೇಳಲು ಸಿಕ್ಕ ಅವಕಾಶ ಬಿಡುವವನಲ್ಲ. “ಇದು ಚೋಕಿನ ಕೆಲಸ ಇರಬೇಕ್ರಿ ಸಾಹೇಬ್ರ. ಹ್ಯಾಂಡಲ್ ಹೊಡಿಯೋವಾಗ ಒಳಗ ಒಬ್ರು ಚೋಕಿನ ತಂತಿ ಎಳೀಬೇಕು, ಲಗೂನ ಬಿಡಬೇಕು. ತಿಳೀದವ್ರು ಎಳ್ದು ಹಂಗ ಹಿಡದ್ರಂದ್ರ ಇಂಜಿನ್ ತುಂಬಿಬಿಡತೈತಿ. ಆಮ್ಯಾಲ ದೇವ್ರು ಬಂದ್ರೂ ಹತ್ತಂಗಿಲ್ಲ. ಆ ದಿನ ತಂತಿ ಯಾರು ಹಿಡದಿದ್ರು?”

“ನಾನು,” ಎಂದಳು ಜಯದೇವಿ.

ಇಂಜಿನ್ನಿನ ಸದ್ದಿನಲ್ಲೂ ಅದು ಎಲ್ಲರಿಗೂ ಕೇಳಿಸಿತು. ಗುಂಡಣ್ಣ ಅವಸರದಿಂದ, “ವೈನಿ, ನೀವು ಒಳಗ ನಡೀರಿ,” ಎಂದ. ಅವಳು ಹೋಗಲಿಲ್ಲ.

“ಎಳಿ ಅಂದಾಗ ಎಳಿ, ಬಿಡು ಅಂದಾಗ ಬಿಡು ಅಂದಿದ್ರು. ಅತ್ತಿ ಗಾಡ್ಯಾಗ ಕುಂತು ಅಳಾಕತ್ತಿದ್ರು. ಬಿಡು ಅಂದಿದ್ದು ನನಗ ಕೇಳಲಿಲ್ಲ. ಹಂಗ ಹಿಡದೆ. ಭಾಳ ಹೊತ್ತು ಹಿಡದೆ. ಕೆಳಗ ಹರಿಯಾಕತ್ತಿದ ಮ್ಯಾಲ ಅವ್ರು ನನ್ನ ಮುಖಾ ನೋಡಿದ್ರು.” ಅಳಲಿಲ್ಲ. ಬಲಗೈಯನ್ನು ಸೆರಗಿನಲ್ಲಿ ಇನ್ನೂ ಬಿಗಿಯಾಗಿ ಸುತ್ತಿಕೊಂಡಳು. “ಗುಂಡಣ್ಣಗ ನಾ ಹೇಳಿದ್ದಿಲ್ಲ. ಯಾರಿಗೂ ಹೇಳಿದ್ದಿಲ್ಲ. ಮಿಸ್ತ್ರಿ ಕೆಡಿಸ್ಯಾನ ಅಂತ ಎಲ್ಲಾರೂ ಅಂದ್ರು, ನಾ ಸುಮ್ನಿದ್ದೆ.”

ಡ್ರೈವರು ಕೆಟ್ಟವನಲ್ಲ, ಆದರೆ ಬಾಯಿ ಬಿಗಿಹಿಡಿಯಲು ಬಾರದವನು. “ಹಂಗಾದ್ರ ಅದ ನೋಡ್ರಿ,” ಎಂದ. ಫೌಜದಾರ ದೊಡ್ಡ ಉಸಿರುಬಿಟ್ಟು, ಪೆನ್ಸಿಲ್ಲು ತೆಗೆದು, ಗಾಡಿಯಲ್ಲಿ ದೋಷ ಕಾಣಲಿಲ್ಲ, ಚಾಲೂ ಮಾಡುವಾಗ ಹೆಂಗಸಿನ ಕೈತಪ್ಪಿನಿಂದ ತುಂಬಿಕೊಂಡಿರಬೇಕು ಎಂದು ಬರೆಯತೊಡಗಿದ. ಪಂಚರಲ್ಲಿ ಒಬ್ಬ, ಹಣೆಯಲ್ಲಿ ಬರೆದಿತ್ತು ಬಿಡ್ರಿ ಎಂದ. ಇನ್ನೊಬ್ಬ ಮುಖ ತಿರುಗಿಸಿಕೊಂಡ.

ಮಲಂಗಸಾಬ ಮಡ್‌ಗಾರ್ಡು ಬಿಡಲಿಲ್ಲ. ಫೌಜದಾರನ ಪೆನ್ಸಿಲ್ಲು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಬಂತು. ಅದು ಮುಗಿದರೆ ಅವನು ಮನೆಗೆ ಹೋಗಬಹುದಿತ್ತು. ಸಂಜೆಗೆ ಜೈನಾಬಿ ಬಾಗಿಲ ಕಿಂಡಿಯಿಂದ ನೋಡಿ, ಅವನೆಂದು ತಿಳಿದು, ತೆರೆಯುತ್ತಿದ್ದಳು. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬರುತ್ತಿದ್ದರು. ಸುಳ್ಳನ್ನೂ ಅವನು ಹೇಳಬೇಕಾಗಿರಲಿಲ್ಲ, ಬೇರೆಯವರೇ ಹೇಳಿಯಾಗಿತ್ತು. ಸುಮ್ಮನಿದ್ದರೆ ಸಾಕಿತ್ತು. ಆದರೆ ಅವನ ಕಣ್ಣು ಮತ್ತೆ ಮತ್ತೆ ಆ ಸೆರಗಿನ ಕಡೆಗೇ ಹೋಯಿತು. ಮೂವತ್ತೂ ದಾಟದ ಹೆಂಗಸು. ಗಂಡನನ್ನು ಕೊಂದದ್ದು ತನ್ನ ಕೈ ಎಂದು ಆ ಕೈಯನ್ನು ಜನರ ಕಣ್ಣಿಗೆ ಬೀಳದ ಹಾಗೆ ಮುಚ್ಚಿಕೊಂಡು ನಿಂತಿದ್ದಾಳೆ. ಇನ್ನು ಸಾಯುವವರೆಗೂ ಹಾಗೆಯೇ ನಿಂತಿರುತ್ತಾಳೆ. ಅವಳ ಕೈಯಲ್ಲಿ ಏನೂ ಇರಲಿಲ್ಲ ಎಂಬುದು ಆ ಅಂಗಳದಲ್ಲಿ ಒಬ್ಬನಿಗೆ ಗೊತ್ತು. ಅವನಿಗೆ ನಾಚಿಕೆಯಾಯಿತು. ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

“ಸಾಹೇಬ್ರೆ, ಗಾಡಿ ಬಂದ್ ಮಾಡಬ್ಯಾಡ್ರಿ,” ಎಂದ. “ಇನ್ನರ್ಧ ತಾಸು ನಡೀಲಿ. ಆಮ್ಯಾಲ ಬರೀರಿ.”

“ಯಾಕ?”

“ನೋಡೋಣ್ರಿ.”

ಫೌಜದಾರನಿಗೆ ಅರ್ಥವಾಗಲಿಲ್ಲ, ಆದರೂ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. ಮಲಂಗಸಾಬ ನೆನೆಯುತ್ತಿದ್ದ ಬೂಚಿನ ಲೆಕ್ಕ ಹಾಕುತ್ತ ನಿಂತ. ಬರಿಯ ಬೂಚು, ಬಿರುಕು ಬಿಟ್ಟದ್ದು, ಬಹಳ ಹೊತ್ತು ತಡೆಯಲಾರದು. ಇಪ್ಪತ್ತು ನಿಮಿಷವಾಗಿರಬಹುದು, ಇಂಜಿನ್ನಿನ ಸದ್ದು ಬದಲಾಯಿತು. ಹಿಂದಿನ ಕೊಳವೆಯಿಂದ ಕರಿಯ ಹೊಗೆ. ಆಮೇಲೆ ಕಾರ್ಬುರೇಟರಿನ ಅಂಚಿನಲ್ಲಿ ಒಂದು ಹನಿ ಕೂತಿತು, ಬಿತ್ತು. ಇನ್ನೊಂದು. ನೋಡನೋಡುತ್ತ ಹನಿ ಧಾರೆಯಾಯಿತು, ಇಂಜಿನ್ನು ಎರಡು ಸಲ ಮುಗ್ಗರಿಸಿ ನಿಂತಿತು. ಡ್ರೈವರು ಓಡಿ ಹ್ಯಾಂಡಲು ಹಾಕಿದ. ಹತ್ತಲಿಲ್ಲ.

ಒಳಗೆ ಯಾರೂ ಚೋಕಿನ ತಂತಿ ಹಿಡಿದಿರಲಿಲ್ಲ.

ಮಲಂಗಸಾಬ ನಲ್ಲಿ ಬಂದ್ ಮಾಡಿ, ಮುಚ್ಚಳ ತೆಗೆದು, ಬೆಂಡನ್ನು ಎತ್ತಿಕೊಂಡು ಬಾಗಿಲ ಹತ್ತಿರ ಹೋದ. ಪೊಲೀಸನೊಬ್ಬ ತಡೆಯಲು ಮುಂದೆ ಬಂದ. ಫೌಜದಾರ ಬೇಡವೆಂದು ಸನ್ನೆ ಮಾಡಿದ. ಮೆಟ್ಟಿಲ ಕೆಳಗೆ ನಿಂತು ಅವನು ಬೆಂಡನ್ನು ಹಿಂಡಿದ. ಪೆಟ್ರೋಲು ಬೆರಳುಗಳ ಸಂದಿಯಿಂದ ಇಳಿಯಿತು.

“ಬಾಯೋರೆ, ಇದು ಮುಳುಗಿತಂದ್ರ ತಂತಿ ಹಿಡದ್ರೂ ಹರೀತದ, ಬಿಟ್ರೂ ಹರೀತದ. ಆ ದಿನ ನೀವು ತಂತಿ ಮುಟ್ಟಿದ್ದಿಲ್ಲಂದ್ರೂ ಗಾಡಿ ಹತ್ತತಿದ್ದಿಲ್ಲ. ನಿಮ್ಮ ಕೈಯಾಗ ಏನೂ ಇದ್ದಿಲ್ಲ. ಇದಕ್ಕ ಅರಗು ಹಚ್ಚಿದವ ನಾ. ಅರಗು ಕರಗಿಸೋ ಸ್ಪಿರಿಟ್ ತಂದು ಹಾಕಿದವನೂ ನಾನ. ಎರಡೂ ಕೂಡಿಸಿ ವಿಚಾರ ಮಾಡಲಿಲ್ಲ. ಈಗ ತೆಗದಾಗ ಅರಗಿನ ಅಂಟು ಇತ್ತು, ಅದನ್ನ ಒರಸೀನಿ.” ಹರಕು ಬಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟ. “ಬೇಕಂತ ಮಾಡಿಲ್ರಿ. ಆದ್ರ ಮಾಡಿದವ ನಾನ.”

ಜಯದೇವಿ ಬೆಂಡನ್ನು ನೋಡಿದಳು, ಬಟ್ಟೆಯನ್ನು ನೋಡಿದಳು. ತಿರುಗಿ ಒಳಗೆ ಹೋದಳು. ಒಳಗಿನಿಂದ ಅಳು ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ತಡೆಯಿಲ್ಲದೆ. ಅಂಗಳದಲ್ಲಿದ್ದ ಗಂಡಸರೆಲ್ಲ ನೆಲ ನೋಡುತ್ತ ನಿಂತರು.

“ಕಬೂಲ್ ಮಾಡ್ಯಾನ, ಬರಕೋರಿ,” ಎಂದ ಗುಂಡಣ್ಣ. ಅವನ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

ಫೌಜದಾರ ಬರೆದದ್ದನ್ನು ಹರಿದು ಹೊಸ ಕಾಗದ ತೆಗೆದ. ಬರೆಯುವ ಮುಂಚೆ ಮಲಂಗಸಾಬನ ಕಡೆ ತಿರುಗಿದ. “ನಿನಗ ಹುಚ್ಚು ಹಿಡದೈತೇನೊ?” ಎಂದ. “ಬಾಯಿ ಮುಚಗೊಂಡು ಇದ್ದಿದ್ರ ಸಂಜೀಕ ಮನ್ಯಾಗ ಇರತಿದ್ದಿ.” ಮಲಂಗಸಾಬ ಕೈ ಒರೆಸಿಕೊಳ್ಳುತ್ತಿದ್ದ. ಅವನಿಗೆ ಜೈನಾಬಿಯ ನೆನಪಾಗಿ ಕಣ್ಣಲ್ಲಿ ನೀರು ಬಂತು.

ಏಳು ತಿಂಗಳು ಜೇಲಿನಲ್ಲಿದ್ದ. ಜೈನಾಬಿ ಮೊದಲನೆಯ ಸಲ ನೋಡಲು ಬಂದಾಗ ಸರಳುಗಳ ಆಚೆ ನಿಂತು ಅವನನ್ನು ಹಿಗ್ಗಾಮುಗ್ಗಾ ಬೈದಳು. ಬೈದು ಮುಗಿಸಿ ರೊಟ್ಟಿಯ ಗಂಟು ಕೊಟ್ಟಳು. ಆಮೇಲೆ ವಾರಕ್ಕೊಮ್ಮೆ ಬಂದಳು, ಒಂದು ವಾರವೂ ತಪ್ಪಿಸಲಿಲ್ಲ, ಬೈಯುವುದನ್ನೂ ತಪ್ಪಿಸಲಿಲ್ಲ. ಚಪ್ಪರದ ತಗಡು ಯಾರೋ ಬಿಚ್ಚಿಕೊಂಡು ಹೋದರು ಎಂಬ ಸುದ್ದಿಯನ್ನು ಅವಳು ಮೂರು ವಾರ ಮುಚ್ಚಿಟ್ಟಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ಖಟ್ಲೆ ನಡೆಯಿತು. ಸರಕಾರದ ಕಡೆಯಿಂದ ಜಯದೇವಿಯ ಸಾಕ್ಷಿ. ಗುಂಡಣ್ಣ ಬೇಡವೆಂದರೂ ಬಂದಳು ಎಂದು ಜನ ಆಡಿಕೊಂಡರು. ಮಿಸ್ತ್ರಿ ಬೇಕೆಂದೇ ಕೆಡಿಸಿದನೆಂದು ನಿಮಗೆ ಅನಿಸುತ್ತದೆಯೇ ಎಂದು ಕೇಳಿದ್ದಕ್ಕೆ, “ಇಲ್ಲ. ಅವ ಸುಮ್ನಿದ್ರ ಆ ದಿನಾನ ಬಿಡುಗಡಿ ಆಗತಿದ್ದ. ನಾ ತಪ್ಪು ಮಾಡೀನಂತ ಸರಕಾರನ ಬರಕೊಂಡಿತ್ತು. ಅವ ಬರಿಯಾಕ ಬಿಡಲಿಲ್ಲ. ಕೊಲ್ಲಾಕ ಮಾಡಿದವ ಹಂಗ ಹೇಳಂಗಿಲ್ಲ,” ಎಂದಳು. ಅದರ ಮೇಲೆ ಸರಕಾರಿ ವಕೀಲನಿಗೆ ಕೇಳುವುದು ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಲಂಗಸಾಬನನ್ನು ಬಿಟ್ಟರು.

ಕಚೇರಿಯ ಪಡಸಾಲೆಯಲ್ಲಿ ಜೈನಾಬಿ ಅವನಿಗಾಗಿ ನಿಂತಿದ್ದಳು. ಅವನು ಅವಳ ಕಡೆ ಹೋಗದೆ, ಬಂಡಿಯ ಹತ್ತಿರ ಹೋಗುತ್ತಿದ್ದ ಜಯದೇವಿಯ ಹಿಂದೆ ನಡೆದ. ಏನು ಹೇಳಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಅವಳು ಹೆಜ್ಜೆಯ ಸದ್ದಿಗೆ ನಿಂತು ತಿರುಗಿದಳು. ಎರಡೂ ಕೈಗಳು ಹೊರಗೇ ಇದ್ದವು, ಒಂದರಲ್ಲಿ ಸಣ್ಣ ಗಂಟು ಹಿಡಿದಿದ್ದಳು.

“ನೀವು ಹೇಳಿದ ದಿನ ನಾ ನಿದ್ದಿ ಮಾಡ್ದೆ, ಮಿಸ್ತ್ರಿ. ಶ್ರಾವಣದಾಗಿಂದ ಅದ ಮೊದಲು.” ಗಂಟನ್ನು ಇನ್ನೊಂದು ಕೈಗೆ ಬದಲಿಸಿದಳು. “ಅದಕ್ಕ ಬಂದು ಖರೇ ಹೇಳೀನಿ. ಮಾಫ್ ಮಾಡೀನಂತ ತಿಳೀಬ್ಯಾಡ್ರಿ. ನನ್ನಿಂದ ಆಗಂಗಿಲ್ಲ. ಕಮಲಾಪುರಕ್ಕ ಎಂದೂ ಬರಬ್ಯಾಡ್ರಿ.”

“ಬರಂಗಿಲ್ರಿ ಬಾಯೋರೆ,” ಎಂದ ಮಲಂಗಸಾಬ.

ಆಮೇಲೆ ಅವನು ಬಹಳ ವರ್ಷ ಬದುಕಿದ. ಮತ್ತೆ ತಗಡು ಹಾಕಿದ, ಮತ್ತೆ ಗಿರಾಕಿಗಳು ಬಂದರು. ಹೈದರಾಬಾದ್ ಸಂಸ್ಥಾನವೆಂಬುದೇ ಇಲ್ಲವಾಗಿ ಕಲಬುರಗಿ ಮೈಸೂರಿನ ಕಡೆ ಸೇರಿದ್ದನ್ನೂ ಕಂಡ. ದಾರಿಯಲ್ಲಿ ಕೆಟ್ಟುನಿಂತ ಗಾಡಿಗಳನ್ನು ರಿಪೇರಿ ಮಾಡಲು ಸೇಡಂ ರಸ್ತೆಗೆ ಹೋಗುತ್ತಿದ್ದ, ಶಹಾಬಾದಿಗೆ ಹೋಗುತ್ತಿದ್ದ, ಕರೆದರೆ ಎಲ್ಲಿಗೂ ಹೋಗುತ್ತಿದ್ದ. ಕಮಲಾಪುರದ ಕಡೆ ಗಾಡಿ ನಿಂತರೆ ಮಾತ್ರ, ಎತ್ತು ಕಟ್ಟಿ ಕಲಬುರಗಿಯ ಹತ್ತಿರದ ಕಪನೂರದವರೆಗೆ ಎಳೆದುಕೊಂಡು ಬನ್ನಿ ಎಂದು ಹೇಳಿಕಳಿಸಿ, ಅಲ್ಲಿ ರಸ್ತೆಯ ಪಕ್ಕ ಪಾನಾದ ಪೆಟ್ಟಿಗೆ ಇಟ್ಟುಕೊಂಡು ಕಾಯುತ್ತಿದ್ದ. ಯಾಕೆಂದು ಕೇಳಿದವರಿಗೆ, ಮುಂದೆ ರಸ್ತೆ ಸರಿಯಿಲ್ಲ ಎನ್ನುತ್ತಿದ್ದ.